ದೊಡ್ಡ ಚಂಡಮಾರುತ ಬಂದಾಗ ಕರಾವಳಿಯಲ್ಲಿ ಜೀವ ಉಳಿಸಿಕೊಳ್ಳುವುದು ಹೇಗೆ: ಹೊರಡುವ ತೀರ್ಮಾನದಿಂದ ಕೆಸರು ತೊಳೆಯುವವರೆಗೆ

ಚಂಡಮಾರುತ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗಾಳಿ. ಹಾರಿಹೋಗುವ ಶೀಟು, ಬುಡಸಮೇತ ಬೀಳುವ ಮರ, ಬಾಗಿದ ಕರೆಂಟ್ ಕಂಬ. ಟಿವಿಯಲ್ಲಿ ತೋರಿಸುವುದೂ ಅದನ್ನೇ. ಆದರೆ ಕರಾವಳಿಯಲ್ಲಿ ಜಾಸ್ತಿ ಜನರನ್ನು ಕೊಂದಿರುವುದು ಗಾಳಿ ಅಲ್ಲ, ನೀರು. 1970ರಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಗೆ ಬಡಿದ ಭೋಲಾ ಚಂಡಮಾರುತದಲ್ಲಿ ಕಡಿಮೆ ಅಂದರೂ 3 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. 2008ರಲ್ಲಿ ಮ್ಯಾನ್ಮಾರ್‌ನ ಇರಾವತಿ ನದಿಯ ತಗ್ಗು ಪ್ರದೇಶಕ್ಕೆ ನುಗ್ಗಿದ ನರ್ಗಿಸ್‌ನಲ್ಲಿ ಸತ್ತವರು ಮತ್ತು ಕಾಣೆಯಾದವರು ಸೇರಿ ಸುಮಾರು 1,38,000. ಎರಡೂ ಕಡೆ ಬಹುಪಾಲು ಜೀವ ಹೋಗಿದ್ದು ಸಮುದ್ರ ಉಕ್ಕಿ ಮನೆಯೊಳಗೆ ಬಂದಿದ್ದರಿಂದ.

ಹಾಗಾಗಿ ಕೆಳಗಿನದನ್ನೆಲ್ಲ ಓದುವ ಮುಂಚೆ ಒಂದು ಮಾತು ತಲೆಯಲ್ಲಿರಲಿ. ಗಾಳಿ ಬಂದರೆ ಗಟ್ಟಿ ಮನೆಯೊಳಗೆ ಬಚ್ಚಿಟ್ಟುಕೊಳ್ಳಬಹುದು. ನೀರಿನಿಂದ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ, ಅದು ಬರುವ ಮೊದಲೇ ಅಲ್ಲಿಂದ ಹೋಗಿರಬೇಕು.

ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ? ಇವತ್ತೇ ನೋಡಿ

ಈ ಕೆಲಸಕ್ಕೆ ಚಂಡಮಾರುತ ಬರಬೇಕಾಗಿಲ್ಲ. ಮನೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ, ದಡದಿಂದ ಎಷ್ಟು ದೂರ, ಹತ್ತಿರದಲ್ಲಿ ಅಳಿವೆಯೋ ಹಿನ್ನೀರೋ ಇದೆಯಾ, ಇಷ್ಟು ಗೊತ್ತಿರಬೇಕು. ಫೋನಿನ ನಕ್ಷೆಯಲ್ಲಿ ಎತ್ತರ ಅಂದಾಜಾಗಿ ಸಿಗುತ್ತದೆ, ಆದರೆ ಕೆಲವು ಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅದನ್ನೊಂದೇ ನಂಬಬೇಡಿ. ಸುತ್ತಮುತ್ತಲಿನ ಹಳಬರನ್ನು ಕೇಳಿ, ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ. ಸರ್ಕಾರದವರು ಮುಳುಗಡೆ ನಕ್ಷೆ ಮಾಡಿದ್ದರೆ ಅದನ್ನೂ ನೋಡಿ.

ಸಮುದ್ರ ಉಕ್ಕುವುದು ಅಂದರೆ ಒಂದು ದೊಡ್ಡ ಅಲೆ ಬಂದು ಹೋಗುವುದಲ್ಲ. ಇಡೀ ನೀರಿನ ಮಟ್ಟವೇ ಏರಿ, ಗಂಟೆಗಟ್ಟಲೆ ಒಳಗೆ ಹರಿಯುತ್ತದೆ, ಅಲೆಗಳು ಅದರ ಮೇಲೆ ಬೇರೆ. ವಾತಾವರಣದ ಒತ್ತಡ 1 ಮಿಲಿಬಾರ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರುತ್ತದೆ. ದೊಡ್ಡ ಚಂಡಮಾರುತದಲ್ಲಿ ಒತ್ತಡ 60 ಮಿಲಿಬಾರ್ ಇಳಿದರೂ ಇದರಿಂದ ಏರುವುದು ಅರ್ಧ ಮೀಟರ್ ಚಿಲ್ಲರೆ ಮಾತ್ರ. ಉಳಿದ ಮೀಟರ್‌ಗಟ್ಟಲೆ ನೀರನ್ನು ದಡಕ್ಕೆ ತಳ್ಳಿ ತರುವುದು ಗಾಳಿ. ದಡದ ಮುಂದೆ ಸಮುದ್ರ ದೂರದವರೆಗೆ ಆಳ ಕಡಿಮೆ ಇದ್ದರೆ, ಕೊಲ್ಲಿ ಆಲಿಕೆಯ ಹಾಗೆ ಕಿರಿದಾಗುತ್ತ ಹೋದರೆ, ನೀರಿಗೆ ಬೇರೆ ದಾರಿ ಇರುವುದಿಲ್ಲ, ಮೇಲಕ್ಕೇ ಏರುತ್ತದೆ. ಅದೇ ಹೊತ್ತಿಗೆ ಭರತ ಇದ್ದರೆ ಇನ್ನೂ ಎತ್ತರ. ಅಳಿವೆಯ ಮೂಲಕ ನದಿಗೆ ನುಗ್ಗಿದರೆ ದಡದಿಂದ ಎಷ್ಟೋ ಕಿಲೋಮೀಟರ್ ಒಳಗಿರುವ ಊರಿಗೂ ನೀರು ಬರುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಅದು ಓಡಿಬಂದು ಗೋಡೆಗೆ ಬಡಿದರೆ ಏನಾಗುತ್ತದೆ ಅಂತ ಸ್ವಲ್ಪ ಯೋಚಿಸಿ.

2013ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಟಕ್ಲೋಬಾನ್ ನಗರಕ್ಕೆ ಹೈಯಾನ್ ಬಂದಾಗ ನೀರು 5ರಿಂದ 6 ಮೀಟರ್ ಏರಿತು. ಎಚ್ಚರಿಕೆ ಕೊಟ್ಟಿದ್ದರು. ಆದರೆ ಎಚ್ಚರಿಕೆಯಲ್ಲಿದ್ದ "ಸ್ಟಾರ್ಮ್ ಸರ್ಜ್" (ಸಮುದ್ರ ಉಕ್ಕುವುದು) ಅನ್ನುವ ಪದ ಅನೇಕರಿಗೆ ಅರ್ಥವಾಗಲಿಲ್ಲ. ಸುನಾಮಿ ಅಂದಿದ್ದರೆ ಓಡುತ್ತಿದ್ದೆವು ಅಂತ ಬದುಕುಳಿದವರು ಆಮೇಲೆ ಹೇಳಿದರು. ಈ ಮಾತು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಮನೆಯ ಹಿರಿಯರಿಗೆ, ಪಕ್ಕದ ಮನೆಯವರಿಗೆ ಹೇಳುವಾಗ ಕಷ್ಟದ ಪದ ಬಳಸಲೇಬೇಡಿ. "ಸಮುದ್ರ ನಮ್ಮ ಮನೆಯೊಳಗೆ ಬರುತ್ತದೆ, ಆಳೆತ್ತರ ನೀರು ನಿಲ್ಲುತ್ತದೆ" ಅಂತ ಹೇಳಿ.

ಮುನ್ಸೂಚನೆ ಓದುವುದನ್ನು ಕಲಿಯಿರಿ

ಹರಿಕೇನ್, ಟೈಫೂನ್, ಸೈಕ್ಲೋನ್ ಎಲ್ಲ ಒಂದೇ, ಯಾವ ಸಾಗರದಲ್ಲಿ ಹುಟ್ಟಿತು ಅನ್ನುವುದರ ಮೇಲೆ ಹೆಸರು ಬೇರೆ. ಗಾಳಿಯ ವೇಗವನ್ನು ಲೆಕ್ಕ ಹಾಕುವ ರೀತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದವರು 1 ನಿಮಿಷದ ಸರಾಸರಿ ಹೇಳುತ್ತಾರೆ, ಭಾರತದ ಹವಾಮಾನ ಇಲಾಖೆ 3 ನಿಮಿಷದ್ದು, ಇನ್ನು ಹಲವು ಕಡೆ 10 ನಿಮಿಷದ್ದು. ಅದಕ್ಕೇ ಒಂದೇ ಚಂಡಮಾರುತಕ್ಕೆ ಎರಡು ಆ್ಯಪ್‌ಗಳು ಎರಡು ಅಂಕಿ ತೋರಿಸುತ್ತವೆ. ಗೊಂದಲ ಬೇಡ. ನಿಮ್ಮ ದೇಶದ ಹವಾಮಾನ ಇಲಾಖೆ ಹೇಳಿದ್ದನ್ನು ಹಿಡಿದುಕೊಳ್ಳಿ. ಅದು ಸರಾಸರಿ ಮಾತ್ರ, ಮಧ್ಯೆ ಮಧ್ಯೆ ಬೀಸುವ ಬಿರುಸು ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಮತ್ತೆ, ಗಾಳಿಯ ವೇಗ ಎರಡರಷ್ಟಾದರೆ ಗೋಡೆಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. 100 ಕಿಮೀ ಗಾಳಿ ತಡೆದ ಚಾವಣಿ 200 ಕಿಮೀ ಗಾಳಿಯನ್ನೂ ತಡೆಯುತ್ತದೆ ಅಂದುಕೊಳ್ಳುವುದು ದೊಡ್ಡ ತಪ್ಪು.

ನಕ್ಷೆಯಲ್ಲಿ ಆಲಿಕೆಯ ಆಕಾರದ ಒಂದು ಚಿತ್ರ ಬರುತ್ತದಲ್ವಾ, ಅದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ಚಂಡಮಾರುತದ ಗಾತ್ರ ಅಲ್ಲ. ಅದರ ಮಧ್ಯಬಿಂದು ಎಲ್ಲಿ ಹೋಗಬಹುದು ಅನ್ನುವ ಅಂದಾಜು. ಮಳೆ, ಗಾಳಿ, ನೀರು ಆ ಗೆರೆಯ ಹೊರಗೆ ನೂರಾರು ಕಿಲೋಮೀಟರ್‌ವರೆಗೆ ಇರಬಹುದು. ಮಧ್ಯಬಿಂದು ಕೂಡ ಕೆಲವೊಮ್ಮೆ ಗೆರೆ ದಾಟಿ ಹೋಗುತ್ತದೆ. "ನಾವು ಗೆರೆಯಿಂದ ಹೊರಗಿದ್ದೇವೆ" ಅಂತ ನೆಮ್ಮದಿಯಾಗಿ ಮಲಗಬೇಡಿ.

ಇನ್ನೊಂದು ಲೆಕ್ಕ ಇದೆ. ಸಮಭಾಜಕ ವೃತ್ತದ ಉತ್ತರಕ್ಕೆ ಚಂಡಮಾರುತ ಎಡಸುತ್ತು ಸುತ್ತುತ್ತದೆ. ಅದು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗೈ ಕಡೆಯ ಕರಾವಳಿಗೆ ಗಾಳಿಯೂ ಜಾಸ್ತಿ, ನೀರೂ ಜಾಸ್ತಿ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು, ಎಡಗೈ ಕಡೆ ಹೊಡೆತ.

ಇನ್ನು ವೇಗದ ವಿಷಯ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೋಗೆ ಬಡಿದ ಓಟಿಸ್, ಒಂದೇ ದಿನದಲ್ಲಿ ಸಾಧಾರಣ ಬಿರುಗಾಳಿಯಿಂದ ಅತಿ ದೊಡ್ಡ 5ನೇ ವರ್ಗಕ್ಕೆ ಏರಿತು. ಜನರಿಗೆ ತಯಾರಾಗಲು ಸಮಯವೇ ಸಿಗಲಿಲ್ಲ. ಬಿಸಿಯಾದ ಸಮುದ್ರದ ಮೇಲೆ ಹೀಗೆ ಆಗುವುದುಂಟು. ಹಾಗಾಗಿ ಇವತ್ತು ಹೇಳಿದ ಬಲಕ್ಕಿಂತ ಒಂದು ಹಂತ ಮೇಲಿನದಕ್ಕೆ ತಯಾರಾಗಿ. ನಿಧಾನವಾಗಿ ಚಲಿಸುವ ಚಂಡಮಾರುತವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2017ರಲ್ಲಿ ಹಾರ್ವೆ ಟೆಕ್ಸಾಸ್‌ನ ಮೇಲೆ ದಿನಗಟ್ಟಲೆ ಕೂತು ಕೆಲವೆಡೆ 1,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಸಿತು.

ಹೋಗುವುದಾ, ಇರುವುದಾ

ಇದನ್ನು ತೀರ್ಮಾನಿಸಬೇಕಾದ್ದು ಬಿಸಿಲಿರುವಾಗ, ತಲೆ ತಣ್ಣಗಿರುವಾಗ. ನನ್ನ ಪ್ರಕಾರ ಕೆಳಗಿನ ಯಾವುದಾದರೂ ಒಂದು ಇದ್ದರೂ ಹೊರಡಬೇಕು, ಚರ್ಚೆ ಬೇಡ:

- ಮನೆ ಖಾಲಿ ಮಾಡಿ ಅಂತ ಅಧಿಕಾರಿಗಳು ಹೇಳಿದ್ದಾರೆ.
- ಮನೆ ತಗ್ಗಿನಲ್ಲಿದೆ, ಅಥವಾ ಸಮುದ್ರ, ಅಳಿವೆ, ಹಿನ್ನೀರಿನ ಅಂಚಿನಲ್ಲಿದೆ.
- ಮನೆ ಮಣ್ಣು, ಹಲಗೆ ಅಥವಾ ಶೀಟಿನದು, ಅಥವಾ ಚಾವಣಿ ಗೋಡೆಗೆ ಗಟ್ಟಿಯಾಗಿ ಕಟ್ಟಿಲ್ಲ.
- ಮನೆಯಲ್ಲಿ ಕರೆಂಟ್ ಇಲ್ಲದೆ ಬದುಕಲಾಗದವರು ಇದ್ದಾರೆ. ಆಮ್ಲಜನಕದ ಯಂತ್ರ, ಡಯಾಲಿಸಿಸ್ ಬೇಕಾದವರು. ತುಂಬು ಗರ್ಭಿಣಿ, ಹಾಸಿಗೆ ಹಿಡಿದವರು ಇದ್ದರೂ ಹಾಗೇ.

ದೂರ ಹೋಗಬೇಕು ಅಂತೇನೂ ಇಲ್ಲ. ಎತ್ತರಕ್ಕೆ ಹೋಗಬೇಕು, ಗಟ್ಟಿ ಕಟ್ಟಡಕ್ಕೆ ಹೋಗಬೇಕು, ಅಷ್ಟೇ. ಕೆಲವೊಮ್ಮೆ ಅದು 5 ಕಿಲೋಮೀಟರ್ ಒಳಗಿನ ನೆಂಟರ ಮನೆಯೂ ಆಗಬಹುದು. ಆಶ್ರಯ ಕೇಂದ್ರಕ್ಕೆ ಹೋಗುವುದಾದರೆ ಅದರ ಎತ್ತರವನ್ನೂ ಕೇಳಿ. ಹೈಯಾನ್ ಸಮಯದಲ್ಲಿ ಕೆಲವು ಆಶ್ರಯ ಕೇಂದ್ರಗಳಿಗೇ ನೀರು ನುಗ್ಗಿ ಜನ ಮುಳುಗಿದರು. ನೆಲ ಅಂತಸ್ತಿನಲ್ಲಿ ಜಾಗ ಕೊಟ್ಟರೆ ಮೇಲಿನ ಅಂತಸ್ತು ಕೇಳಿ.

"ಹೋದ ಸಲವೂ ಹೀಗೇ ಹೆದರಿಸಿದ್ದರು, ಏನೂ ಆಗಲಿಲ್ಲ" ಅನ್ನುವ ಮಾತು ಪ್ರತಿ ಬಾರಿಯೂ ಕೇಳಿಬರುತ್ತದೆ. ಹೋದ ಸಲ ಅದು 80 ಕಿಲೋಮೀಟರ್ ಆಚೆ ತಿರುಗಿತು, ಅದಕ್ಕೆ ಏನೂ ಆಗಲಿಲ್ಲ. ಒಡಿಶಾವನ್ನೇ ನೋಡಿ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಅದೇ ರಾಜ್ಯದ ಕರಾವಳಿಗೆ ಬಂತು. ಆಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸಾವು 50ರೊಳಗೆ ನಿಂತಿತು. ಮನೆಗಳು ಆಗಲೂ ಲಕ್ಷಗಟ್ಟಲೆ ಹಾಳಾದವು, ಆದರೆ ಜನ ಒಳಗಿರಲಿಲ್ಲ.

ಹೊರಡುವುದಾದರೆ ಹಗಲಲ್ಲೇ ಹೊರಡಿ, ಗಾಳಿ ಜೋರಾಗುವ ಮೊದಲು. ಗಾಡಿಗೆ ಎಣ್ಣೆ ಎರಡು ದಿನ ಮೊದಲೇ ತುಂಬಿಸಿ, ಕೊನೆಯ ದಿನ ಬಂಕ್‌ನಲ್ಲಿ ಸಾಲು ಕರಗುವುದಿಲ್ಲ. ರಸ್ತೆಯಲ್ಲಿ ನೀರು ಹರಿಯುತ್ತಿದ್ದರೆ ಇಳಿಯಬೇಡಿ, ಗಾಡಿಯನ್ನೂ ಇಳಿಸಬೇಡಿ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ದೊಡ್ಡವರನ್ನೂ ಬೀಳಿಸುತ್ತದೆ, 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ಎಳೆದುಕೊಂಡು ಹೋಗುತ್ತದೆ, 60 ಸೆಂಟಿಮೀಟರ್ ಆದರೆ ಹೆಚ್ಚಿನ ಗಾಡಿಗಳು ತೇಲುತ್ತವೆ. ಅದರ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಅದೂ ಕಾಣುವುದಿಲ್ಲ.

ದನಕರು, ನಾಯಿ, ಬೆಕ್ಕು ಇದ್ದರೆ ಅವುಗಳ ವ್ಯವಸ್ಥೆಯನ್ನೂ ಮೊದಲೇ ಮಾಡಿ. ಎಷ್ಟೋ ಜನ ಹೊರಡದೆ ಉಳಿಯುವುದು ಪ್ರಾಣಿಗಳನ್ನು ಬಿಟ್ಟು ಹೋಗಲಾರದೆ, ಅದು ಅರ್ಥವಾಗುವ ಮಾತೇ. ಎತ್ತರಕ್ಕೆ ಸಾಗಿಸಲು ಆಗದಿದ್ದರೆ ಹಗ್ಗ ಬಿಚ್ಚಿಬಿಡಿ. ಕಟ್ಟಿಹಾಕಿದ ಪ್ರಾಣಿಗೆ ಈಜುವ ಅವಕಾಶವೂ ಇರುವುದಿಲ್ಲ. ದೋಣಿ ಇರುವವರು ಅದನ್ನು ಎಳೆದು ಭದ್ರ ಮಾಡಿ ಇಳಿದು ಬನ್ನಿ. ದೋಣಿ ಕಾಯಲು ಅದರಲ್ಲೇ ಕೂರುವುದು ಮಾತ್ರ ಬೇಡವೇ ಬೇಡ.

ಏನೇನು ಜೋಡಿಸಿಕೊಳ್ಳಬೇಕು

ನೀರಿನಿಂದ ಶುರು ಮಾಡಿ. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಇಟ್ಟುಕೊಳ್ಳಿ, ಕುಡಿಯಲು ಮತ್ತು ಅಡುಗೆಗೆ. 3 ದಿನದ್ದು ಕನಿಷ್ಠ, 7 ದಿನದ್ದು ಇದ್ದರೆ ನೆಮ್ಮದಿ. ಬಳಸುವ ನೀರು ಬೇರೆ. ಬಕೆಟ್, ಡ್ರಮ್, ಕೊಡ, ಏನೇನಿದೆಯೋ ಎಲ್ಲ ತುಂಬಿಸಿ. ಮೇಲಿನ ಪ್ಲಾಸ್ಟಿಕ್ ಟ್ಯಾಂಕನ್ನೂ ತುಂಬಿಸಿಡಿ. ತುಂಬಿದ್ದರೆ ಅದು ಕೂತ ಜಾಗದಲ್ಲಿ ಕೂತಿರುತ್ತದೆ, ಖಾಲಿ ಇದ್ದರೆ ಹಾರಿ ಯಾರದೋ ಮನೆಯ ಕಿಟಕಿಗೆ ಹೋಗುತ್ತದೆ.

ಬೇಯಿಸದೆ ತಿನ್ನುವಂಥ ಆಹಾರ, ಮಗು ಇದ್ದರೆ ಅದರದ್ದು ಬೇರೆ. ಟಾರ್ಚ್, ಸೆಲ್, ಪವರ್ ಬ್ಯಾಂಕ್, ಸೆಲ್‌ನಲ್ಲಿ ನಡೆಯುವ ರೇಡಿಯೋ. ಮೊಬೈಲ್ ಟವರ್‌ಗಳು ಬಿದ್ದ ಮೇಲೂ ರೇಡಿಯೋದಲ್ಲಿ ಸುದ್ದಿ ಸಿಗುವ ಸಾಧ್ಯತೆ ಇರುತ್ತದೆ, ಇದನ್ನು ಹಳೇ ಕಾಲದ್ದು ಅಂತ ಬಿಡಬೇಡಿ. ಮೇಣದಬತ್ತಿ ಬೇಡ, ಗಾಳಿಯ ಮಧ್ಯೆ ಮನೆಗೆ ಬೆಂಕಿ ಬಿದ್ದರೆ ಆರಿಸಲು ಯಾರೂ ಬರಲಾರರು. ಒಂದು ಶಿಳ್ಳೆ ಇಟ್ಟುಕೊಳ್ಳಿ. ಅವಶೇಷದ ಕೆಳಗೆ ಸಿಕ್ಕಿಕೊಂಡರೆ ಕೂಗುವ ಶಕ್ತಿ ಬೇಗ ಮುಗಿಯುತ್ತದೆ, ಊದುವುದು ಸುಲಭ. ನಗದು ಹಣ ಸಣ್ಣ ನೋಟುಗಳಲ್ಲಿರಲಿ.

ಔಷಧಿ ಕನಿಷ್ಠ ಎರಡು ವಾರಕ್ಕೆ ಆಗುವಷ್ಟು. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ ಇಲ್ಲದೆ ಹೋದರೆ ಏನು ಗತಿ ಅಂತ ಹೆದರುತ್ತಾರೆ. ಹೆಚ್ಚಿನ ಬಗೆಯ ಇನ್ಸುಲಿನ್ 30 ಡಿಗ್ರಿಯೊಳಗಿನ ಸೆಖೆಯಲ್ಲಿ ಸುಮಾರು 28 ದಿನ ಕೆಲಸ ಮಾಡುತ್ತದೆ. ನಿಮ್ಮದು ಯಾವುದು ಅಂತ ಡಾಕ್ಟರ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ. ಬಿಸಿಲಿಗೆ ಇಡಬೇಡಿ, ಮಂಜುಗಡ್ಡೆಗೆ ನೇರ ತಾಗಿಸಲೂ ಬೇಡಿ.

ಕಾಗದಪತ್ರ, ಗುರುತಿನ ಚೀಟಿ, ಮನೆಪತ್ರ ಎಲ್ಲ ಎರಡು ಪ್ಲಾಸ್ಟಿಕ್ ಚೀಲದೊಳಗೆ. ಫೋಟೋ ತೆಗೆದು ದೂರದ ನೆಂಟರಿಗೆ ಕಳಿಸಿಬಿಡಿ. ಮನೆಯ ಪ್ರತಿ ಕೋಣೆಯದೂ ಒಂದೊಂದು ಫೋಟೋ ತೆಗೆದಿಡಿ, ಆಮೇಲೆ ಪರಿಹಾರವೋ ವಿಮೆಯೋ ಕೇಳುವಾಗ ಅದೇ ಸಾಕ್ಷಿ. ಊರಿಂದ ಹೊರಗಿರುವ ಒಬ್ಬರನ್ನು ಗೊತ್ತು ಮಾಡಿ, ಮನೆಯವರೆಲ್ಲ ಅವರಿಗೇ ಸುದ್ದಿ ಮುಟ್ಟಿಸುವ ಹಾಗೆ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಹೋಗುವುದುಂಟು.

ಮನೆಯನ್ನು ಗಾಳಿಗೆ ತಯಾರು ಮಾಡುವುದು

ಗಾಳಿ ಮನೆಯನ್ನು ಒಡೆಯುವುದು ಸಾಮಾನ್ಯವಾಗಿ ಹೀಗೆ. ಮೊದಲು ಒಂದು ಕಿಟಕಿಯೋ ಬಾಗಿಲೋ ಹೋಗುತ್ತದೆ. ಒಳಗೆ ನುಗ್ಗಿದ ಗಾಳಿ ಚಾವಣಿಯನ್ನು ಕೆಳಗಿನಿಂದ ನೂಕುತ್ತದೆ, ಅದೇ ಹೊತ್ತಿಗೆ ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಚಾವಣಿ ಎದ್ದುಹೋದರೆ ಗೋಡೆಗಳಿಗೆ ಆಸರೆ ಇಲ್ಲ. ಹಾಗಾಗಿ ಎಲ್ಲ ಕೆಲಸದ ಗುರಿ ಒಂದೇ, ಗಾಳಿಯನ್ನು ಒಳಗೆ ಬಿಡಬಾರದು. ಒತ್ತಡ ಸಮ ಆಗಲಿ ಅಂತ ಒಂದು ಕಿಟಕಿ ತೆರೆದಿಡುವ ಅಭ್ಯಾಸ ಕೆಲವು ಕಡೆ ಇದೆ. ಅದು ತಪ್ಪು, ಮಾಡಬೇಡಿ.

ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದೂ ಸುಮ್ನೆ ಕೆಲಸ. ಗಾಜು ಒಡೆಯುವುದು ನಿಲ್ಲುವುದಿಲ್ಲ, ಟೇಪ್‌ಗೆ ಅಂಟಿಕೊಂಡ ದೊಡ್ಡ ದೊಡ್ಡ ಚೂರುಗಳು ಹಾರಿಬರುತ್ತವೆ. ಗಟ್ಟಿ ಶಟರ್ ಇಲ್ಲದಿದ್ದರೆ 16 ಮಿಲಿಮೀಟರ್ ದಪ್ಪದ ಪ್ಲೈವುಡ್ ಕತ್ತರಿಸಿ ಹೊರಗಿನಿಂದ ಸ್ಕ್ರೂ ಹಾಕಿ ಬಿಗಿಯಿರಿ, ಮೊಳೆಗಿಂತ ಸ್ಕ್ರೂ ಗಟ್ಟಿ. ಅಳತೆ ಮಾಡಿ, ಕತ್ತರಿಸಿ, ಯಾವ ಕಿಟಕಿಯದು ಅಂತ ಹಿಂದೆ ಬರೆದು ಮಳೆಗಾಲಕ್ಕೆ ಮೊದಲೇ ಇಟ್ಟುಕೊಂಡರೆ ಆ ದಿನ ಓಡಾಟ ತಪ್ಪುತ್ತದೆ.

ಬಾಗಿಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ರಾತ್ರಿ ನಾವು 9 ಜನ ಒಂದು ಮನೆಯ ನಡುಕೋಣೆಯಲ್ಲಿ ಕೂತಿದ್ದೆವು. ಗಾಳಿಯ ಸದ್ದಿಗಿಂತ ನನಗೆ ನೆನಪಿರುವುದು ಮುಂಬಾಗಿಲಿನ ಚಿಲಕ. ಪ್ರತಿ ಬೀಸಿಗೂ ಬಾಗಿಲು ಉಸಿರಾಡುವ ಎದೆಯ ಹಾಗೆ ಒಳಗೆ ಉಬ್ಬಿ ಹಿಂದೆ ಹೋಗುತ್ತಿತ್ತು. ಚಿಲಕದ 4 ಸ್ಕ್ರೂಗಳಲ್ಲಿ ಒಂದು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಾ ಬಂತು, ಟಾರ್ಚ್ ಬೆಳಕಿನಲ್ಲಿ ಗೋಡೆಯ ಮೇಲೆ ಅದರ ನೆರಳು ಉದ್ದವಾಗುತ್ತಾ ಹೋಗುವುದನ್ನು ಎಲ್ಲರೂ ನೋಡುತ್ತಿದ್ದೆವು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಅದು ಟಣ್ ಅಂತ ನೆಲಕ್ಕೆ ಬಿತ್ತು. ಎತ್ತಿಕೊಂಡು ನೋಡಿದರೆ ಅರ್ಧ ಇಂಚು ಉದ್ದ. ಅಷ್ಟು ದಪ್ಪದ ಬಾಗಿಲು ನಿಂತಿದ್ದು ಅರ್ಧ ಇಂಚಿನ ಸ್ಕ್ರೂ ಮೇಲೆ! ಬೀರು ಎಳೆದು ಅಡ್ಡ ಇಟ್ಟು, ಸರದಿ ಮೇಲೆ ಬೆನ್ನು ಕೊಟ್ಟು ಕೂತೆವು.

ಅದಕ್ಕೇ ಹೇಳುವುದು, ಇವತ್ತೇ ಮುಂಬಾಗಿಲು, ಹಿಂಬಾಗಿಲಿನ ಚಿಲಕದ ಒಂದು ಸ್ಕ್ರೂ ಬಿಚ್ಚಿ ನೋಡಿ. ಗಿಡ್ಡದಿದ್ದರೆ ಚೌಕಟ್ಟಿನ ಒಳಗೆ ಆಳಕ್ಕೆ ಹೋಗುವ, ಎರಡೂವರೆ ಮೂರು ಇಂಚಿನದು ಹಾಕಿಸಿ. ಮೇಲೊಂದು ಕೆಳಗೊಂದು ಬೋಲ್ಟ್ ಹಾಕಿಸಿ. ಕೀಲುಗಳನ್ನೂ ನೋಡಿ. ಅಂಗಡಿ, ಗ್ಯಾರೇಜ್‌ನ ದೊಡ್ಡ ಬಾಗಿಲಿದ್ದರೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು ಬಿಗಿಯಬೇಕು, ಅಗಲ ಜಾಸ್ತಿ ಇದ್ದಷ್ಟೂ ಅದು ಬೇಗ ಬಾಗುತ್ತದೆ.

ಹೊರಗಿರುವ ಕುರ್ಚಿ, ಹೂಕುಂಡ, ಏಣಿ, ಸೈಕಲ್, ಬೋರ್ಡು ಎಲ್ಲ ಒಳಗೆ. ಮನೆಯ ಮೇಲೆ ಬಾಗಿರುವ ಕೊಂಬೆಗಳನ್ನು ಗಾಳಿ ಶುರುವಾಗುವ ಎಷ್ಟೋ ದಿನ ಮೊದಲೇ ಕಡಿಸಿ. ಕಡಿದ ಕೊಂಬೆಯನ್ನು ಅಂಗಳದಲ್ಲೇ ಬಿಡಬೇಡಿ, ಅದೇ ಈಟಿಯಾಗಿ ವಾಪಸ್ ಬರುತ್ತದೆ. ಶೀಟಿನ ಚಾವಣಿ ಇದ್ದರೆ ಅದು ತೊಲೆಗೂ, ತೊಲೆ ಗೋಡೆಗೂ ಕಬ್ಬಿಣದ ಪಟ್ಟಿಯಿಂದ ಕಟ್ಟಿದೆಯೇ ನೋಡಿಸಿ. 1974ರಲ್ಲಿ ಟ್ರೇಸಿ ಚಂಡಮಾರುತ ಆಸ್ಟ್ರೇಲಿಯಾದ ಡಾರ್ವಿನ್ ನಗರದ ಬಹುಪಾಲು ಮನೆಗಳನ್ನು ನೆಲಸಮ ಮಾಡಿದ ಮೇಲೆ ಅಲ್ಲಿ ಮನೆ ಕಟ್ಟುವ ನಿಯಮಗಳನ್ನೇ ಬಿಗಿ ಮಾಡಿದರು.

ಕೊನೆಯದಾಗಿ ಫ್ರಿಜ್ ಅನ್ನು ಪೂರ್ತಿ ತಣ್ಣಗೆ ಮಾಡಿಡಿ, ಫೋನ್‌ಗಳನ್ನು ಪೂರ್ತಿ ಚಾರ್ಜ್ ಮಾಡಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ನೀರು ಬರುವ ಸೂಚನೆ ಇದ್ದರೆ ಒಣ ಕೈಯಲ್ಲಿ, ಒಣ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಆರಿಸಿ. ನೀರಲ್ಲಿ ನಿಂತು ಅದನ್ನು ಮುಟ್ಟಬೇಡಿ.

ಆ ರಾತ್ರಿ

ಕಿಟಕಿ ಇಲ್ಲದ, ಹೊರಗೋಡೆಗೆ ತಾಗದ ಒಳಕೋಣೆ ಹುಡುಕಿ. ಸಣ್ಣ ಕೋಣೆಯಾದಷ್ಟು ಒಳ್ಳೆಯದು, ಗೋಡೆಗಳು ಒಂದಕ್ಕೊಂದು ಆಸರೆ ಕೊಡುತ್ತವೆ. ಒಳಗಿನ ಎಲ್ಲ ಬಾಗಿಲು ಮುಚ್ಚಿ, ಒಂದು ಕೋಣೆಯ ಕಿಟಕಿ ಹೋದರೂ ಗಾಳಿ ಇಡೀ ಮನೆಗೆ ಹರಡುವುದಿಲ್ಲ, ಚಾವಣಿಯ ಮೇಲಿನ ಹೊರೆಯೂ ಕಡಿಮೆಯಾಗುತ್ತದೆ. ಹಾಸಿಗೆ, ದಿಂಬು ಹತ್ತಿರ ಇಟ್ಟುಕೊಳ್ಳಿ, ಚಾವಣಿ ಹೋದರೆ ಅದರ ಕೆಳಗೆ ತಲೆ ಮುಚ್ಚಿಕೊಳ್ಳಿ. ಎಲ್ಲರ ಕಾಲಲ್ಲೂ ಚಪ್ಪಲಿ ಅಲ್ಲ, ಶೂ ಇರಲಿ. ಮಕ್ಕಳಿಗೂ. ಒಡೆದ ಗಾಜಿನ ಮೇಲೆ ಕತ್ತಲಲ್ಲಿ ನಡೆಯಬೇಕಾಗಿ ಬರಬಹುದು.

ಒತ್ತಡ ಇಳಿಯುವಾಗ ಕಿವಿ ಕಟ್ಟಿದ ಹಾಗೆ ಆಗಬಹುದು, ಗಾಬರಿ ಬೇಡ. ಸದ್ದು ಮಾತ್ರ ತುಂಬಾ ಹೊತ್ತು ಇರುತ್ತದೆ. ಮಕ್ಕಳಿಗೆ ಇದು ಇನ್ನೂ ಎಷ್ಟು ಹೊತ್ತು ಅಂತ ಆಗಾಗ ಹೇಳುತ್ತಿರಿ, ಸುಳ್ಳು ಧೈರ್ಯಕ್ಕಿಂತ "ಬೆಳಗಿನವರೆಗೆ ಹೀಗೇ ಇರುತ್ತದೆ, ನಾವೆಲ್ಲ ಇಲ್ಲೇ ಇರ್ತೀವಿ" ಅನ್ನುವುದು ಕೆಲಸ ಮಾಡುತ್ತದೆ.

ಬಾಗಿಲ ಕೆಳಗೆ ನೀರು ಬರತೊಡಗಿದರೆ ಮೇಲಿನ ಅಂತಸ್ತಿಗೆ ಹೋಗಿ. ಹೊರಗೆ ದಾರಿ ಇಲ್ಲದ ಅಟ್ಟಕ್ಕೆ ಮಾತ್ರ ಹತ್ತಬೇಡಿ. 2005ರಲ್ಲಿ ಕತ್ರಿನಾ ಬಂದಾಗ ನ್ಯೂ ಆರ್ಲಿಯನ್ಸ್‌ನಲ್ಲಿ ಅಟ್ಟ ಹತ್ತಿದವರು ನೀರು ಏರುತ್ತಾ ಬಂದಾಗ ಒಳಗೇ ಸಿಕ್ಕಿಕೊಂಡರು. ಬೇರೆ ಗತಿಯೇ ಇಲ್ಲದಿದ್ದರೆ ಚಾವಣಿ ಒಡೆಯಲು ಕೊಡಲಿಯನ್ನೋ ಸುತ್ತಿಗೆಯನ್ನೋ ಜೊತೆಗೆ ತೆಗೆದುಕೊಂಡು ಹೋಗಿ.

ಚಂಡಮಾರುತದ ಕಣ್ಣು, ಅಂದರೆ ಅದರ ನಡುವಿನ ಶಾಂತ ಭಾಗ, ನಿಮ್ಮ ಮೇಲೆಯೇ ಹಾದುಹೋದರೆ ಗಾಳಿ ಒಮ್ಮೆಲೇ ನಿಲ್ಲುತ್ತದೆ. ಕಣ್ಣು ಸಾಮಾನ್ಯವಾಗಿ 30ರಿಂದ 60 ಕಿಲೋಮೀಟರ್ ಅಗಲ, ಹಾಗಾಗಿ ಈ ಶಾಂತಿ ಕೆಲವು ನಿಮಿಷವೂ ಇರಬಹುದು, ಒಂದು ಗಂಟೆಗಿಂತ ಜಾಸ್ತಿಯೂ ಇರಬಹುದು. ನಾವು ಕೂತಿದ್ದ ಆ ರಾತ್ರಿ ಎರಡೂವರೆಯ ಹೊತ್ತಿಗೆ ಹೀಗೇ ಆಯಿತು. ಕಿಂಡಿಯಲ್ಲಿ ನೋಡಿದರೆ ನಕ್ಷತ್ರ ಕಾಣಿಸಿದವು. ಮುಗೀತು ಅಂದುಕೊಂಡು ಒಬ್ಬರು ದನ ನೋಡಿಕೊಂಡು ಬರ್ತೀನಿ ಅಂತ ಎದ್ದರು. ಮನೆಯ ಅಜ್ಜಿ ಏನೂ ಹೇಳದೆ ಹೋಗಿ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಸುಮಾರು 20 ನಿಮಿಷಕ್ಕೆ ಹಿಂಬಾಗಿಲು ಧಡ್ ಅಂತ ಬಡಿಯಿತು. ಅಲ್ಲಿಯವರೆಗೆ ಅದು ಸುಮ್ಮನಿದ್ದ ಬಾಗಿಲು. ಕಣ್ಣು ದಾಟಿದ ಮೇಲೆ ಗಾಳಿ ವಿರುದ್ಧ ದಿಕ್ಕಿನಿಂದ ಬರುತ್ತದೆ, ಶುರುವಿನಿಂದಲೇ ಪೂರ್ತಿ ಜೋರಾಗಿ. ಮೊದಲ ಅರ್ಧದಲ್ಲಿ ಸಡಿಲವಾದದ್ದೆಲ್ಲ ಎರಡನೇ ಅರ್ಧದಲ್ಲಿ ಬೀಳುತ್ತದೆ. ಆ ಬಿಡುವಿನಲ್ಲಿ ಒಳಗೇ ಇದ್ದು, ಇನ್ನೊಂದು ಕಡೆಯ ಬಾಗಿಲಿಗೆ ಆಸರೆ ಕೊಡಿ. ರೇಡಿಯೋದಲ್ಲಿ ಪೂರ್ತಿ ದಾಟಿತು ಅಂತ ಹೇಳುವವರೆಗೆ ಹೊರಗೆ ಕಾಲಿಡಬೇಡಿ.

ಗಾಳಿ ನಿಂತ ಮೇಲೆ

2017ರಲ್ಲಿ ಮರಿಯಾ ಪೋರ್ಟೊ ರಿಕೊಗೆ ಬಡಿದಾಗ ಮೊದಲು ಅಧಿಕೃತವಾಗಿ ಹೇಳಿದ ಸಾವು 64. ಆಮೇಲೆ ತಿಂಗಳುಗಟ್ಟಲೆ ಕರೆಂಟ್, ನೀರು, ಔಷಧಿ ಇಲ್ಲದೆ ಹೋದವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅಂದಾಜು 2,975ಕ್ಕೆ ಏರಿತು. ಚಂಡಮಾರುತದಿಂದ ಬದುಕಿ ಬಂದವರು ಆಮೇಲೆ ಸಾಯುವುದು ನನಗೆ ಎಲ್ಲಕ್ಕಿಂತ ಬೇಸರದ ವಿಷಯ, ಯಾಕೆಂದರೆ ಇದರಲ್ಲಿ ಬಹಳಷ್ಟನ್ನು ತಪ್ಪಿಸಬಹುದು.

ಮೊದಲನೆಯದು ಕರೆಂಟ್. ಬಿದ್ದಿರುವ ಪ್ರತಿ ತಂತಿಯಲ್ಲೂ ಕರೆಂಟ್ ಇದೆ ಅಂತಲೇ ತಿಳಿಯಿರಿ. ನಿಂತ ನೀರಿನಲ್ಲಿ ತಂತಿ ಬಿದ್ದಿದ್ದರೆ ಆ ನೀರಿಗೇ ಇಳಿಯಬೇಡಿ. ನೀರು ಹೊಕ್ಕ ಮನೆಯ ವೈರಿಂಗನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಹಾಕಬೇಡಿ.

ಎರಡನೆಯದು ಜನರೇಟರ್. ಇದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ, ಅಷ್ಟೇ. 2020ರಲ್ಲಿ ಲಾರಾ ಹರಿಕೇನ್ ಆದ ಮೇಲೆ ಅಮೆರಿಕದ ಲೂಸಿಯಾನಾದಲ್ಲಿ ಹೀಗೆ ಹಲವರು ಸತ್ತರು. ಜನರೇಟರ್ ಮನೆಯೊಳಗೆ, ಜಗಲಿಯಲ್ಲಿ, ಗ್ಯಾರೇಜಿನಲ್ಲಿ ಇಡಲೇಬೇಡಿ. ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ, ಹೊಗೆ ಆ ಕಡೆಗೆ ಹೋಗುವ ಹಾಗೆ ಇಡಿ. ಮಳೆ ಬರುತ್ತಿದೆ, ಕಳ್ಳರು ಬರುತ್ತಾರೆ ಅಂತ ಒಳಗೆ ತರುವ ಮನಸ್ಸಾಗುತ್ತದೆ, ಬೇಡ. ತಲೆನೋವು, ತಲೆಸುತ್ತು, ವಾಕರಿಕೆ ಎಲ್ಲರಿಗೂ ಒಟ್ಟಿಗೆ ಬಂದರೆ ತಕ್ಷಣ ಹೊರಗೆ ಬನ್ನಿ. ಇದ್ದಿಲ ಒಲೆಯೂ ಇಷ್ಟೇ ಅಪಾಯ. ಜನರೇಟರ್ ತಂತಿಯನ್ನು ಮನೆಯ ಸಾಕೆಟ್‌ಗೆ ನೇರ ಚುಚ್ಚುವುದೂ ಬೇಡ, ಕರೆಂಟ್ ಹಿಂದಕ್ಕೆ ಹೋಗಿ ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಸಾಯುತ್ತಾನೆ.

ಮೂರನೆಯದು ಕುಡಿಯುವ ನೀರು. ಕುದಿಯಲು ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ಉರುವಲು ಇಲ್ಲದಿದ್ದರೆ ಸುವಾಸನೆ ಬೆರೆಸದ ಮನೆಬಳಕೆಯ ದ್ರವ ಬ್ಲೀಚ್, ಅದರಲ್ಲಿ ಸೋಡಿಯಂ ಹೈಪೋಕ್ಲೋರೈಟ್ 5ರಿಂದ 6 ಶೇಕಡ ಇದ್ದರೆ, ಲೀಟರ್‌ಗೆ 2 ಹನಿ ಹಾಕಿ ಕಲಸಿ 30 ನಿಮಿಷ ಬಿಡಿ. ನೀರು ಕಲಕಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೆ 4 ಹನಿ. ಇದರಿಂದ ರೋಗಾಣು ಸಾಯುತ್ತದೆ, ಉಪ್ಪು, ಸೀಮೆಎಣ್ಣೆ, ಕೀಟನಾಶಕ ಹೋಗುವುದಿಲ್ಲ. ಸಮುದ್ರದ ನೀರು ನುಗ್ಗಿದ ಬಾವಿಯನ್ನು ಕುದಿಸಿ ಕುಡಿಯಲು ಆಗುವುದಿಲ್ಲ. ಅದನ್ನು ಖಾಲಿ ಮಾಡಿ, ತೊಳೆದು, ಔಷಧಿ ಹಾಕಿ, ಪರೀಕ್ಷೆ ಮಾಡಿಸಬೇಕು, ಉಪ್ಪು ಹೋಗಲು ತಿಂಗಳುಗಳೇ ಬೇಕಾಗಬಹುದು.

ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ. ಮನೆ ಬಿಟ್ಟು ಹೋಗುವವರು ಒಂದು ಲೋಟದಲ್ಲಿ ನೀರು ಗಡ್ಡೆ ಕಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲಿ ಬಿಟ್ಟುಹೋಗಿ. ಬಂದು ನೋಡಿದಾಗ ನಾಣ್ಯ ತಳದಲ್ಲಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಒಳಗಿರುವುದನ್ನೆಲ್ಲ ಎಸೆಯಿರಿ.

ನೆರೆನೀರಲ್ಲಿ ಕೊಚ್ಚೆ, ಸತ್ತ ಪ್ರಾಣಿ, ಹಾವು, ಮುಚ್ಚಳ ಇಲ್ಲದ ಚರಂಡಿ ಎಲ್ಲ ಇರುತ್ತದೆ. ಗಾಯ ಇದ್ದವರು ಇಳಿಯಲೇಬಾರದು. ಇಳಿದವರಿಗೆ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಇಲಿಜ್ವರ ಇರಬಹುದು, ನೀರಿಗೆ ಇಳಿದಿದ್ದೆ ಅಂತ ಡಾಕ್ಟರ್‌ಗೆ ಹೇಳಿ. ಮೊಳೆ ಚುಚ್ಚಿದರೆ ಧನುರ್ವಾಯು ಚುಚ್ಚುಮದ್ದು ಬೇಕಾ ಅಂತ ಕೇಳಿ. ಚಾವಣಿ ರಿಪೇರಿಗೆ ಹತ್ತಿ ಬಿದ್ದವರು, ಮರ ಕೊಯ್ಯುವ ಮೆಷಿನ್ ಹಿಡಿದು ಕೈಕಾಲು ಕಳೆದುಕೊಂಡವರು ಪ್ರತಿ ಬಾರಿಯೂ ಇರುತ್ತಾರೆ. ನಿದ್ದೆ ಇಲ್ಲದ ಮೊದಲ ದಿನ ಏಣಿ ಹತ್ತಬೇಡಿ. ಶೀಟ್ ಒಂದು ದಿನ ತಡವಾಗಿ ಹೊದಿಸಿದರೆ ಏನೂ ಆಗುವುದಿಲ್ಲ.

ಕೆಸರು ಒಣಗುವ ಮುಂಚೆ ತೊಳೆದುಬಿಡಿ, ಒಣಗಿದರೆ ಕಿತ್ತು ತೆಗೆಯಬೇಕಾಗುತ್ತದೆ. ನೆನೆದ ಹಾಸಿಗೆ, ಹತ್ತಿಯ ಸೋಫಾ ಉಳಿಯುವುದಿಲ್ಲ, ಒಂದೆರಡು ದಿನದಲ್ಲೇ ಬೂಷ್ಟು ಬರುತ್ತದೆ. ಫೋಟೋ ತೆಗೆದು ಆಚೆ ಹಾಕಿ. ಒಬ್ಬರೇ ಇರುವ ವಯಸ್ಸಾದವರ ಮನೆಗೆ ದಿನಕ್ಕೆ ಎರಡು ಸಲ ಹೋಗಿ ಬಾಗಿಲು ತಟ್ಟಿ. ಫ್ಯಾನ್ ಇಲ್ಲದ ಸೆಖೆಯಲ್ಲಿ ಅವರು ಬಾಯಾರಿದ್ದೂ ಗೊತ್ತಾಗದೆ ಕುಸಿದುಬಿಡುತ್ತಾರೆ.

ಗೋಡೆ ತೊಳೆಯುವ ಮುಂಚೆ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಒಂದು ಗೆರೆ ಎಳೆದು ತಾರೀಖು ಬರೆಯಿರಿ. ಮುಂದೆ ಬಣ್ಣ ಹೊಡೆಸುವಾಗ ಆ ಗೆರೆಯನ್ನು ಬಿಟ್ಟು ಹೊಡೆಸಿ.